ದಿಗಂಬರರಾಯರ ಗಿಡಕ್ಕೆ ನೀರು ಹಾಕಿದವರು

ಬೈಲಹೊಂಗಲದಲ್ಲಿ ಗಿಡವನ್ನು ಮನೆಯೊಳಗೆ ಸಾಕುವವರನ್ನು ಯಾರೂ ಪೂರ್ತಿ ನಂಬುವುದಿಲ್ಲ. ಗಿಡ ಅಂದರೆ ಹೊಲದಲ್ಲಿರಬೇಕು, ಹಿತ್ತಲಲ್ಲಿರಬೇಕು, ಬಹಳವಾದರೆ ತುಳಸಿಕಟ್ಟೆಯಲ್ಲಿರಬೇಕು. ಮನೆಯೊಳಗೆ ಇರಬೇಕಾದ್ದು ಜೋಳದ ಚೀಲ. ಇದು ನಮ್ಮ ಕಡೆಯ ನ್ಯಾಯ. ಹಾಗಿರುವಾಗ ದಿಗಂಬರರಾಯ ಕುಲಕರ್ಣಿಯವರು ಆಷಾಢದ ಒಂದು ಮುಂಜಾನೆ ಸ್ಕೂಟರಿನಲ್ಲಿ ಕಾಲುಗಳ ನಡುವೆ ಒಂದು ಕುಂಡ ಇಟ್ಟುಕೊಂಡು ಓಣಿಗೆ ಬಂದರೆ, ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದವರು ತಿಕ್ಕುವುದನ್ನು ನಿಲ್ಲಿಸದೆ ಇನ್ನೇನು ಮಾಡಬೇಕು? ಹಿಂದೆ ಕುಳಿತಿದ್ದ ಅವರ ಹೆಂಡತಿ ಸುಚೇತಾ ಅಕ್ಕೋರು ಮಾತ್ರ ಏನೂ ಆಗಿಲ್ಲವೆಂಬಂತೆ ಇಳಿದು ಒಳಗೆ ಹೋದರು. ಅವರು ಸಾಲಿ ಕಲಿಸುವವರು; ಜನ ನೋಡುವುದು ಅವರಿಗೆ ಹೊಸದಲ್ಲ.

ರಾಯರು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರು. ಕೆಟ್ಟವರಲ್ಲ, ಮೈಗಳ್ಳರೂ ಅಲ್ಲ. ಕೈ ಒಂದು ಕಡೆ, ಚಿತ್ತ ಒಂದು ಕಡೆ, ಅಷ್ಟೇ. ಒಲೆಯ ಮೇಲೆ ಹಾಲಿಟ್ಟು ಪೇಪರ್ ತರಲು ಹೊರಟವರು, ದಾರಿಯಲ್ಲಿ ಸಿಕ್ಕವರ ಜೀಪು ಹತ್ತಿ ಸವದತ್ತಿಗೆ ಹೋಗಿ ಎಲ್ಲಮ್ಮನ ದರ್ಶನ ಮಾಡಿಕೊಂಡು ಬಂದಿದ್ದರು. ಸತ್ಯನಾರಾಯಣ ಪೂಜೆಗೆ ಹೆಲ್ಮೆಟ್ ಹಾಕಿಕೊಂಡೇ ಕುಳಿತು, ಭಟ್ಟರು ಅಕ್ಷತೆ ಹಾಕಿದಾಗ ಟಣಟಣ ಸಪ್ಪಳ ಎಲ್ಲಿಂದ ಬಂತೆಂದು ತಾವೇ ಸುತ್ತಲೂ ಹುಡುಕಿದ್ದರು. ಇಂಥವರ ಮನೆಯಲ್ಲಿ ಹಾಲು, ಬಾಗಿಲು, ಗ್ಯಾಸು ಎಲ್ಲವೂ ಇಷ್ಟು ವರ್ಷ ನೆಟ್ಟಗೆ ಇದ್ದುದಕ್ಕೆ ಕಾರಣ ಅಕ್ಕೋರು ಎಂಬುದರಲ್ಲಿ ಓಣಿಯೊಳಗೆ ಎರಡು ಮಾತಿರಲಿಲ್ಲ.

ಈಗ ಆ ಅಕ್ಕೋರಿಗೆ ಮುಖ್ಯಾಧ್ಯಾಪಕಿಯಾಗಿ ಬಡ್ತಿ ಬಂದಿತ್ತು. ಊರು ರಾಮದುರ್ಗ ತಾಲ್ಲೂಕಿನ ಸುರೇಬಾನ. ದಿನಾ ಹೋಗಿಬರುವ ದೂರವಲ್ಲ. ಅಲ್ಲೇ ಒಂದು ಖೋಲಿ ಹಿಡಿದು ಶನಿವಾರಕ್ಕೊಮ್ಮೆ ಬರಬೇಕು. ಒಲ್ಲದಿದ್ದರೆ ಒಲ್ಲೆನೆಂದು ಬರೆದುಕೊಟ್ಟು ಇದ್ದಲ್ಲೇ ಇರಬಹುದು.

"ಒಲ್ಲೆ ಅಂತ ಬರದು ಕೊಡ್ತೀನಿ," ಎಂದರು ಅಕ್ಕೋರು. "ನಿಮ್ಮನ್ನ ಒಬ್ಬರನ್ನ ಬಿಟ್ಟು ಹೋಗೂದು ಅಂದ್ರ ಏನು."

"ನೀ ಹೋಗು. ನಾ ಇರ್ತೀನಿ," ಎಂದರು ರಾಯರು.

"ಹೆಂಗ ಇರ್ತೀರಿ?"

"ಈಗ ಹೆಂಗಿದ್ದೀನಿ, ಹಂಗ."

"ಈಗ ನಾ ಇದ್ದೀನಿ."

ಇದು ನಿಜವೇ ಆಗಿತ್ತು. ಆದರೆ ಅವರಿಗೆ ಒಂದು ಮಾತು ಗೊತ್ತಿತ್ತು. ಮದುವೆಯಾದಾಗಿನಿಂದ ಅಕ್ಕೋರು ಅನ್ನುತ್ತ ಬಂದಿದ್ದರು: "ಸಾಲಿ ನನ್ನ ಕೈಯಾಗಿದ್ರ ಮದಲು ಕರೀಹಲಗಿ ಕೆಳಗ ಇಳಸ್ತಿದ್ದೆ. ಸಣ್ಣ ಹುಡುಗ್ರಿಗೆ ಕೈ ಎಟಕೂದಿಲ್ಲ." ಈ ಮಾತು ಹೇಳುವಾಗ ಅವರ ಮುಖ ರಾಯರಿಗೆ ಬಹಳ ಸೇರುತ್ತಿತ್ತು. ಆ ಮುಖಕ್ಕಾಗಿ ಅವರು ಜನ್ಮವಿಡೀ ಹಚ್ಚಿದ ಅವಲಕ್ಕಿ ತಿಂದುಕೊಂಡಿರಲು ತಯಾರಿದ್ದರು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ತಿಳಿಯದೆ, "ನೀ ಹೋಗು" ಎಂದೇ ಮತ್ತೆ ಮತ್ತೆ ಅಂದರು.

ಕೊನೆಗೆ ಅಕ್ಕೋರು ಅವರನ್ನು ಬೆಳಗಾವಿ ರಸ್ತೆಯ ನರ್ಸರಿಗೆ ಕರೆದುಕೊಂಡು ಹೋದರು.

"ಮನಿಯೊಳಗ ಇಡೂ ಗಿಡದಾಗ ಎಲ್ಲಕ್ಕಿಂತ ಕಡಿಮಿ ಬುದ್ಧಿ ಬೇಡೂದು ಯಾವುದದ?" ಎಂದು ಕೇಳಿದರು.

ನರ್ಸರಿಯವನು ಅಕ್ಕೋರನ್ನು ನೋಡಿದ, ರಾಯರನ್ನು ನೋಡಿದ, ಮತ್ತೇನೂ ಕೇಳದೆ ಒಂದು ಕುಂಡ ಎತ್ತಿ ಇಟ್ಟ. ಕತ್ತಿಯ ಅಲಗಿನಂತೆ ನೆಟ್ಟಗೆ ನಿಂತ ದಪ್ಪ ಎಲೆಗಳು, ಅಂಚಿಗೆ ಹಳದಿ ಗೆರೆ.

"ಸ್ನೇಕ್ ಪ್ಲಾಂಟ್ ರೀ. ಸರ್ಪದ ಗಿಡ ಅಂತಾರ. ಬಿಸಲ ಬೀಳದಿದ್ರೂ ನಡೀತೈತಿ. ಮಣ್ಣ ಪೂರಾ ಒಣಗಿದ ಮ್ಯಾಲ ಒಂದು ಲೋಟಾ ನೀರ ಹಾಕ್ರಿ, ಸಾಕು. ಹಾಕೂದು ಮರತ್ರ ಇನ್ನೂ ಚೊಲೊ."

ರಾಯರ ಮುಖ ಅರಳಿತು. ಮರೆಯುವುದೇ ಅರ್ಹತೆಯಾಗಿರುವ ಕೆಲಸ ಅವರಿಗೆ ಆಯುಷ್ಯದಲ್ಲಿ ಮೊದಲ ಸಲ ಸಿಕ್ಕಿತ್ತು.

ಮನೆಗೆ ಬಂದ ಮೇಲೆ ಅಕ್ಕೋರು ಕರಾರು ಹೇಳಿದರು. "ಒಂದು ತಿಂಗಳು ಹೋಗಿ ಚಾರ್ಜ್ ತಗೊಂಡು ನೋಡ್ತೀನಿ. ನಡುವ ಬರೂದಿಲ್ಲ, ಬಂದ್ರ ನಾನೇ ಎಲ್ಲಾ ಮಾಡಿಟ್ಟು ಹೋಗ್ತೀನಿ, ಪರೀಕ್ಷಾ ಆಗೂದಿಲ್ಲ. ತಿಂಗಳಾದ ಮ್ಯಾಲೆ ಈ ಗಿಡ ನೆಟ್ಟಗ ನಿಂತಿದ್ರ ನೀವೂ ನೆಟ್ಟಗ ಇರ್ತೀರಿ ಅಂತ ತಿಳಕೊಂಡು ಅಲ್ಲೇ ಉಳೀತೀನಿ. ಒಣಗಿ ಸತ್ತಿದ್ರ, ಒಲ್ಲೆ ಅಂತ ಬರದು ಕೊಟ್ಟು ತಿರುಗಿ ಬರ್ತೀನಿ."

ಒಂದು ಗಿಡದ ಮೇಲೆ ಒಂದು ಸಾಲಿಯ ಭಾರ ಬಿದ್ದದ್ದು ಹೀಗೆ.

ರಾಯರು ಕುಂಡವನ್ನು ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ, ಬಂದವರು ಕುಳಿತುಕೊಳ್ಳುವ ಬಾಕಿನ ಪಕ್ಕಕ್ಕೆ ಇಟ್ಟರು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಮನೆಗೆ ಯಾರೇ ಬರಲಿ, ಮೊದಲು ಅವರ ಕೈಗೆ ತಂಬಿಗೆ ತುಂಬ ನೀರು ಕೊಡಬೇಕು. ಮಾತು, ಚಹಾ, ಜಗಳ ಎಲ್ಲ ಆಮೇಲೆ. ಬಂದವರು ತಂಬಿಗೆಯನ್ನು ತುಟಿಗೆ ಹಚ್ಚದೆ ಎತ್ತಿ ನಾಲ್ಕು ಗುಟುಕು ಕುಡಿಯುತ್ತಾರೆ. ಉಳಿದದ್ದನ್ನು ತಿರುಗಿ ಕೊಡುವುದು ರೀತಿಯಲ್ಲ, ಚೆಲ್ಲುವುದು ಪಾಪ. ಹತ್ತಿರದಲ್ಲಿ ಯಾವ ಗಿಡವಿದೆಯೋ ಅದರ ಬುಡಕ್ಕೆ ಸುರಿಯುತ್ತಾರೆ. ಇದನ್ನು ಯಾರೂ ವಿಚಾರ ಮಾಡಿ ಮಾಡುವುದಿಲ್ಲ. ಕೈ ತಾನೇ ಮಾಡುತ್ತದೆ.

ಅಕ್ಕೋರ ಬಸ್ಸು ಹೋದ ದಿನವೇ ಓಣಿಯ ತುದಿಯಲ್ಲಿರುವ ಕಮಲಾಬಾಯಿ ಬಂದರು. ರಾಯರಿಗೆ ಅವರು ಮಾವಶಿ, ತಾಯಿಯ ತಂಗಿ.

"ದಿಗಂಬರ, ಊಟಾ ಆತೇನೋ?"

"ಆತು ಮಾವಶಿ."

"ಏನು ಉಂಡಿ?"

ರಾಯರಿಗೆ ನೆನಪಾಗಲಿಲ್ಲ. ಮಾವಶಿಯ ಕೈಗೆ ತಂಬಿಗೆ ಕೊಟ್ಟು, ಚಹಾ ಮಾಡುತ್ತೇನೆಂದು ಒಳಗೆ ಹೋಗಿ ಸಕ್ಕರೆ ಹುಡುಕತೊಡಗಿದರು. ಅವರು ಸಕ್ಕರೆ ಹುಡುಕುವುದೆಂದರೆ ಸಣ್ಣ ಕೆಲಸವಲ್ಲ. ಅಷ್ಟರಲ್ಲಿ ಮಾವಶಿ ನೀರು ಕುಡಿದು, ಉಳಿದದ್ದನ್ನು ಕುಂಡಕ್ಕೆ ಸುರಿದು, ಸೊಸೆಯಿಲ್ಲದ ಪಡಸಾಲೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟಿದ್ದರು. ಮರುದಿನದಿಂದ ಅವರು ದಿನಾ ಸಾರು ತಂದುಕೊಟ್ಟರು, ದಿನಾ ನೀರು ಕುಡಿದರು.

ಸಂಜೆ ಪಕ್ಕದ ಮನೆಯ ಅಂದಾನೆಪ್ಪ ಬೀಜ-ಗೊಬ್ಬರದ ಅಂಗಡಿ ಮುಚ್ಚಿ ನೇರ ಇಲ್ಲಿಗೇ ಬರುತ್ತಿದ್ದ. ಅವನ ಹೆಂಡತಿ ಸೋಮವ್ವ ರೊಟ್ಟಿ ಕೊಡಲು ಒಮ್ಮೆ, ಬುಟ್ಟಿ ಒಯ್ಯಲು ಒಮ್ಮೆ ಬರುತ್ತಿದ್ದಳು. ಸಂಘದವರು ಬಂದರು, ಅಕ್ಕೋರ ಹಳೆಯ ವಿದ್ಯಾರ್ಥಿಗಳ ತಾಯಂದಿರು ಬಂದರು. ಹೆಂಡತಿ ಊರಲ್ಲಿಲ್ಲದ ಗಂಡಸನ್ನು ಒಬ್ಬನೇ ಕೂಡಗೊಡಬಾರದೆಂದು ಓಣಿ ಬಾಯಿಬಿಟ್ಟು ಹೇಳದೆ ಠರಾವು ಮಾಡಿಬಿಟ್ಟಿತ್ತು. ಎಲ್ಲರಿಗೂ ತಂಬಿಗೆ ಬಂತು. ಎಲ್ಲರ ಕೈಯೂ ತನ್ನ ಕೆಲಸ ತಾನು ಮಾಡಿತು. ಅಷ್ಟು ಹೊತ್ತೂ ರಾಯರು ಒಳಗೆ ಸಕ್ಕರೆ ಹುಡುಕುತ್ತಿದ್ದರು.

ಗಿಡ ಹಳದಿಯಾಗತೊಡಗಿತು.

"ರಾಯರ, ಈ ಗಿಡಕ್ಕ ನೀರ ಹಾಕೀರೇನು?" ಎಂದು ಅಂದಾನೆಪ್ಪ ಕೇಳಿದ.

"ಒಂದು ಹನಿನೂ ಹಾಕಿಲ್ಲ," ಎಂದರು ರಾಯರು ಎದೆ ಸೆಟೆಸಿ.

ಅಂದಾನೆಪ್ಪ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿದ: "ಅಕ್ಕೋರ ಹ್ವಾದ ಮ್ಯಾಲ ರಾಯರ ಮನಸ್ಸ ಕಲ್ಲಾಗೈತಿ. ಅವರು ಇಟ್ಟ ಹ್ವಾದ ಗಿಡಾನ ಉಪಾಸ ಕೆಡವ್ಯಾರ."

"ಸಿಟ್ಟ ಅವರ ಮ್ಯಾಲ, ತೀರಸೂದು ಗಿಡದ ಮ್ಯಾಲ," ಎಂದಳು ಸೋಮವ್ವ. ಅವಳ ಕಣ್ಣಲ್ಲಿ ನೀರು ಬಂತು. "ಗಂಡಸರು ಹಿಂಗ ರೀ."

ಈ ಸುದ್ದಿ ಬೆಳಗಾಗುವುದರೊಳಗೆ ಓಣಿ ದಾಟಿತು. ಅಲ್ಲಿಯವರೆಗೆ ರೂಢಿಯಿಂದ ನೀರು ಹಾಕುತ್ತಿದ್ದವರು ಈಗ ಕರುಣೆಯಿಂದ ಹಾಕತೊಡಗಿದರು. ಮೊದಲು ತಂಬಿಗೆಯ ತಳದ ನೀರು ಬೀಳುತ್ತಿತ್ತು. ಈಗ ಒಂದೇ ಗುಟುಕು ಕುಡಿದು ಮುಕ್ಕಾಲು ತಂಬಿಗೆ ಸುರಿಯುವವರು ಬಂದರು. ಗಿಡ ಇನ್ನಷ್ಟು ಹಳದಿಯಾಯಿತು. ಓಣಿ ಇನ್ನಷ್ಟು ಮರುಗಿತು.

ಕೃಷಿ ಇಲಾಖೆಯ ಗೌರೀಶ ಸಾಹೇಬರು ಬೀಜದ ಅಂಗಡಿಗೆ ಬಂದಿದ್ದಾಗ ಅಂದಾನೆಪ್ಪ ಅವರ ಕೈಹಿಡಿದು ರಾಯರ ಮನೆಗೆ ಎಳೆದುಕೊಂಡು ಬಂದ.

"ಬೆಳಿ ಹಳದಿ ಆಗೈತಿ ಅಂದ್ರಲ್ಲ, ಎಷ್ಟು ಎಕರೆ?" ಎಂದರು ಸಾಹೇಬರು ಬಾಕಿನ ಮೇಲೆ ಕುಳಿತು.

"ಒಂದು ಕುಂಡ ರೀ," ಎಂದ ಅಂದಾನೆಪ್ಪ.

ಸಾಹೇಬರು ಸರಕಾರಿ ಮನುಷ್ಯರು, ಇದಕ್ಕೂ ಗಾಬರಿಯಾಗಲಿಲ್ಲ. ಮಣ್ಣಿನಲ್ಲಿ ಬೆರಳಿಟ್ಟರು, ಮೂಸಿದರು. "ಬೇರ ಕೊಳಿಯಾಕತ್ತಾವ. ನೀರ ಹೆಚ್ಚಾಗೈತಿ."

"ನಾ ಹಾಕೇ ಇಲ್ಲ ಸಾಹೇಬ್ರ," ಎಂದರು ರಾಯರು.

"ಹಂಗಾದ್ರ ನೆಲದಾಗಿಂದ ಎಳಕೊಂಡಿರಬೇಕು."

"ಕುಂಡ ಫರಸಿ ಕಲ್ಲಿನ ಮ್ಯಾಲ ಅದ."

"ಹಂಗಾದ್ರ ಹವಾದಾಗಿಂದ," ಎಂದರು ಸಾಹೇಬರು. ಇಲಾಖೆಯ ಬಳಿ ಉತ್ತರಕ್ಕೆ ಬರವಿರಲಿಲ್ಲ. ರಾಯರು ಕೈಗೆ ತಂಬಿಗೆ ಕೊಟ್ಟು ಚಹಾಕ್ಕೆ ಒಳಗೆ ಹೋಗುತ್ತಿರುವಾಗ ಸಾಹೇಬರು ಹಿಂದಿನಿಂದ ಗಟ್ಟಿಯಾಗಿ ಹೇಳಿದರು: "ರಾಯರ, ಲಕ್ಷ್ಯದಾಗ ಇಟಗೋರಿ. ಇನ್ನ ಮ್ಯಾಲ ಈ ಗಿಡಕ್ಕ ಒಂದು ಹನಿ ನೀರ ಬೀಳಬಾರದು. ಒಂದು ಹನಿ." ಹೀಗೆಂದವರೇ ತಂಬಿಗೆ ಎತ್ತಿ ಕುಡಿದು, ಉಳಿದದ್ದನ್ನು ಕುಂಡಕ್ಕೆ ಸುರಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಅಂದಾನೆಪ್ಪ ನೋಡುತ್ತಲೇ ಇದ್ದ. ಅವನಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಾಹೇಬರ ಮಾತನ್ನು ರಾಯರು ತಲೆಯ ಮೇಲಿಟ್ಟುಕೊಂಡರು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಈ ಗಿಡಕ್ಕೆ ನೀರು ಹಾಕಬಾರದು' ಎಂದು ಬರೆದು ಕುಂಡದಲ್ಲಿ ನೆಟ್ಟರು. ಇದರಿಂದ ಓಣಿಗೆ ಉಳಿದಿದ್ದ ಒಂದು ಅನುಮಾನವೂ ಹೋಯಿತು. ತಾನು ಹಾಕುವುದಿಲ್ಲ, ಹಾಕುವವರಿಗೂ ಬೇಡ ಅನ್ನುತ್ತಾನೆ, ಅದನ್ನು ಬರೆದು ಬೇರೆ ಇಟ್ಟಿದ್ದಾನೆ. ಈ ಮನುಷ್ಯನಿಗೆ ಏನಾಗಿದೆ? ಅಂದಿನಿಂದ ಜನ ಅತ್ತಿತ್ತ ನೋಡಿ, ರಾಯರು ಒಳಗಿರುವುದನ್ನು ಖಾತ್ರಿ ಮಾಡಿಕೊಂಡು ನೀರು ಹಾಕಿದರು.

ಅಷ್ಟರಲ್ಲಿ ಪಂಚಮಿ ಬಂತು. ಮನೆಮನೆಯಲ್ಲಿ ಉಂಡಿ, ಜೋಳದ ಅಳ್ಳು, ಜೋಕಾಲಿ. ಹೆಂಡತಿಯಿಲ್ಲದ ಮನೆಯಲ್ಲಿ ಯಾರು ಉಂಡಿ ಕಟ್ಟುತ್ತಾರೆ ಎಂದು ಎಲ್ಲರೂ ರಾಯರಿಗೆ ತಂದುಕೊಟ್ಟರು. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ. ಬಾಕಿನ ಮೇಲೆ ಕುಳಿತುಕೊಳ್ಳಲು ಜಾಗವಿಲ್ಲದಷ್ಟು ಡಬ್ಬಿಗಳಾದವು. ಉಂಡಿ ತಿಂದವರಿಗೆ ನೀರಡಿಕೆಯೂ ಹೆಚ್ಚು.

ಸೋಮವ್ವ ನಾಗಪ್ಪನಿಗೆ ಹಾಲೆರೆದು ಬರುವಾಗ ಗಿಂಡಿಯ ತಳದಲ್ಲಿ ಸ್ವಲ್ಪ ಹಾಲು ಉಳಿಸಿಕೊಂಡು ಬಂದಳು. ಗಿಡದ ಹೆಸರು ಸರ್ಪದ ಗಿಡ. ಹಬ್ಬದ ದಿನ ಹಾಗೇ ಬಿಟ್ಟರೆ ಹೇಗೆ? ರಟ್ಟನ್ನು ಓದಿದಳು. ನೀರು ಹಾಕಬಾರದೆಂದು ಬರೆದಿತ್ತು, ಹಾಲಿನ ಮಾತು ಎಲ್ಲೂ ಇರಲಿಲ್ಲ.

"ಅಕ್ಕೋರ ಪಾಲು," ಎಂದು ಒಂದು ಧಾರೆ ಎರೆದಳು. "ರಾಯರ ಪಾಲು," ಎಂದು ಇನ್ನೊಂದು. ಕೈ ಮುಗಿದು, "ಇಬ್ಬರ್ನೂ ಲಗೂನ ಒಂದು ಮಾಡಪ್ಪಾ," ಎಂದಳು. ಹಿಂದೆ ನಿಂತಿದ್ದ ನಾಲ್ಕು ಮನೆಯ ಹೆಣ್ಣುಮಕ್ಕಳ ಕೈಯಲ್ಲೂ ಗಿಂಡಿಗಳಿದ್ದವು.

ಪಂಚಮಿ ಕಳೆದ ಮೇಲೆ ಎಲೆಗಳು ಬುಡದಲ್ಲಿ ಮೆತ್ತಗಾಗಿ ಒಂದೊಂದೇ ನೆಲಕ್ಕೆ ಒರಗಿದವು. ಕೊನೆಗೆ ನಡುವಿನ ಒಂದೇ ಎಲೆ ನಿಂತಿತು. ಅಕ್ಕೋರು ಬರುವ ಶನಿವಾರ ಹತ್ತಿರ ಬಂದಿತ್ತು. ರಾಯರು ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು. ಅವರ ಕಣ್ಣ ಮುಂದೆ ಗಿಡವಿರಲಿಲ್ಲ. ಎತ್ತರದ ಕರಿಹಲಗೆಯೊಂದಿತ್ತು, ಅದಕ್ಕೆ ಕೈ ಎಟುಕದ ಸಣ್ಣ ಹುಡುಗರಿದ್ದರು.

"ಇಂಥಾವ ನರ್ಸರಿಯಾಗ ಸಾಲ ಹಚ್ಚಿ ನಿಂತಾವ," ಎಂದ ಅಂದಾನೆಪ್ಪ. "ಒಂದು ತಂದು ಇಡ್ರಿ. ಗಿಡಕ್ಕೇನ ಆಧಾರ ಕಾರ್ಡ ಇರತೈತೇನು?"

ರಾಯರಿಗೆ ಆಸೆಯಾಯಿತು. ಸ್ಕೂಟರ್ ಹತ್ತಿ ನರ್ಸರಿಯ ಬಾಗಿಲವರೆಗೂ ಹೋದರು, ಬರಿಗೈಯಲ್ಲಿ ತಿರುಗಿ ಬಂದರು.

"ಗಿಡಾ ಬದಲಿ ಮಾಡಬಹುದು ಅಂದಾನೆಪ್ಪ. ನನ್ನ ಮುಖಾ ಬದಲಿ ಮಾಡ್ಲಿಕ್ಕೆ ಬರೂದಿಲ್ಲ. ಆಕಿ ಬಾಗಲಾಗ ನಿಂತು ನೋಡಿದ್ರ ಮುಗೀತು."

ಮಾವಶಿಯೂ ಅದನ್ನೇ ಅಂದರು. "ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನೋ? ಇವತ್ತಿಲ್ಲ ನಾಳೆ ತಿಳಿಯೂದೇ. ನೀನೇ ಹೋಗಿ ಹೇಳು."

ಅಕ್ಕೋರು ಒಲ್ಲೆನೆಂದು ಬರೆಯುವುದರೊಳಗೆ ಹೋಗಿ ಕೈಹಿಡಿದು ನಿಲ್ಲಿಸಬೇಕು. ಗಿಡ ಸತ್ತದ್ದು ನನ್ನ ತಪ್ಪು, ಅದಕ್ಕೆ ನಿನ್ನ ಸಾಲಿ ಬಿಡಬೇಡ ಅನ್ನಬೇಕು. ರಾಯರು ಶುಕ್ರವಾರ ರಜೆ ಹಾಕಿ, ಒಂಟಿ ಎಲೆಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತ ಮುದುಕಿ ಗಿಡ ನೋಡಿ ಲೊಚಗುಟ್ಟಿದಳು. "ಯಪ್ಪಾ, ಇದಕ್ಕ ನೀರಡಿಸೈತಲ್ಲೋ." ಎಂದವಳೇ ಬಾಟಲಿಯ ಮುಚ್ಚಳ ತೆಗೆದಳು.

"ಬ್ಯಾಡವ್ವಾ, ಬ್ಯಾಡ," ಎಂದರು ರಾಯರು.

"ಸುಮ್ಮ ಕುಂದರ. ಹಸರ ಜೀವ ಅದು," ಎಂದು ಅವಳು ಸುರಿದಳು.

ಯರಗಟ್ಟಿಯಲ್ಲಿ ಅವಳು ಇಳಿದಳು. ಹತ್ತಿ ಕುಳಿತವನು ಹತ್ತಿ ವ್ಯಾಪಾರಿ. ಅವನೂ ಕರುಣೆಯುಳ್ಳವನೇ. ರಾಮದುರ್ಗದ ಸ್ಟ್ಯಾಂಡಿನಲ್ಲಿ ಸುರೇಬಾನದ ಬಸ್ಸಿಗೆ ಕಾಯುವಾಗ ಕಂಡಕ್ಟರೊಬ್ಬ ತಾನು ಕುಡಿದು ಉಳಿದದ್ದನ್ನು, ಮಾತೂ ಆಡದೆ, ನಡೆಯುತ್ತಲೇ ಹಾಕಿ ಹೋದ. ಕುಂಡದ ತಳದಲ್ಲಿ ತೂತಿತ್ತು. ರಾಯರು ಸುರೇಬಾನದಲ್ಲಿ ಇಳಿದಾಗ ಅವರ ಪ್ಯಾಂಟನ್ನು ಕಂಡು ಊರಿನವರು ಮರ್ಯಾದೆಯಿಂದ ಬೇರೆ ಕಡೆ ಮುಖ ತಿರುಗಿಸಿದರು.

ಸಾಲಿಯ ಬಾಗಿಲಲ್ಲಿ ರಾಯರು ನಿಂತುಬಿಟ್ಟರು. ಒಳಗೆ ಒಂದನೆಯ ತರಗತಿ ನಡೆದಿತ್ತು. ಕರಿಹಲಗೆ ಗೋಡೆಯಲ್ಲಿ ಕೆಳಗೆ ಇಳಿದಿತ್ತು; ಹಳೆಯ ಮೊಳೆಯ ತೂತುಗಳು ಮೇಲೆ ಹಾಗೇ ಇದ್ದವು. ಮೊಳಕಾಲೆತ್ತರದ ಹುಡುಗಿಯೊಬ್ಬಳು ಅದರ ಮುಂದೆ ನಿಂತು 'ಅ' ಬರೆಯುತ್ತಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಕುಳಿತ ಅಕ್ಕೋರ ಮುಖ, ರಾಯರಿಗೆ ಬಹಳ ಸೇರುವ ಆ ಮುಖವನ್ನು ಇಷ್ಟು ಹೊತ್ತು ಅವರು ಎಂದೂ ನೋಡಿರಲಿಲ್ಲ. ಅವರಿಗೆ ಅಳು ಬಂತು. ಕೈಯಲ್ಲಿ ಕುಂಡವಿದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ.

"ಅಲ್ರೀ, ಇದೇನಿದು?" ಎಂದು ಅಕ್ಕೋರು ಎದ್ದು ಬಂದರು. ಗಿಡ ನೋಡಿದರು, ಪ್ಯಾಂಟು ನೋಡಿದರು, ಸಾಲಿಯ ತಮ್ಮ ಆಫೀಸು ಖೋಲಿಗೆ ಕರೆದುಕೊಂಡು ಹೋಗಿ ಕೂಡಿಸಿದರು. ಸಾಲಿಯ ಅಡಿಗೆ ಮಾಡುವ ರಾಚವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

"ಸುಚೇತಾ, ಗಿಡಾ ಹೋತು," ಎಂದರು ರಾಯರು. "ಬರೇ ಒಂದು ಎಲಿ ಉಳದದ. ತಪ್ಪು ನಂದು. ಆದ್ರ ನೀ ಒಲ್ಲೆ ಅಂತ ಬರೀಬ್ಯಾಡ. ನಾ ಮನಿಯೊಳಗ ಹೆಂಗರ ಇರ್ತೀನಿ. ಆ ಹಲಗಿ ಮತ್ತ ಮ್ಯಾಲೆ ಏರಬಾರದು. ನಿನ್ನಾಣಿ, ನಾ ಈ ಗಿಡಕ್ಕ ಒಂದು ಹನಿನೂ ನೀರು ಹಾಕಿಲ್ಲ." ತಂಬಿಗೆ ಎತ್ತಿ ನಾಲ್ಕು ಗುಟುಕು ಕುಡಿದರು. ಉಳಿದದ್ದನ್ನು ಕುಂಡಕ್ಕೆ ಸುರಿದರು.

"ಈಗ ಏನ್ ಮಾಡಿದ್ರಿ?" ಎಂದರು ಅಕ್ಕೋರು.

"ನೀರು ಕುಡದೆ."

"ಉಳದದ್ದು?"

ರಾಯರು ತಂಬಿಗೆಯೊಳಗೆ ಇಣುಕಿದರು. ಆಮೇಲೆ ಕುಂಡದೊಳಗೆ ಇಣುಕಿದರು. ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡುತ್ತ ಕುಳಿತರು.

"ಮನಿಗೆ ಯಾರ್ಯಾರು ಬರ್ತಿದ್ರು?" ಅಕ್ಕೋರು ಮೆಲ್ಲಗೆ ಕೇಳಿದರು.

"ಮಾವಶಿ ದಿನಾ. ಅಂದಾನೆಪ್ಪ ದಿನಾ ಸಂಜಿಕ. ಸೋಮವ್ವ ರೊಟ್ಟಿ ಕೊಡ್ಲಿಕ್ಕೆ. ಪಂಚಮಿಗೆ ಅಂತೂ ಓಣಿಗೆ ಓಣಿನೇ. ಇನ್ನೂ ನಾಕು ಡಬ್ಬಿ ಉಂಡಿ ಅವ, ನಿನಗ ತರೂದು ಮರತೆ."

"ಎಲ್ಲಾರಿಗೂ ನೀರು ಕೊಟ್ರೇನು?"

"ಮನಿಗೆ ಬಂದವ್ರಿಗೆ ನೀರು ಕೊಡಲಾರದ ಇರ್ತಾರೇನು?" ಎಂದರು ರಾಯರು, ಸ್ವಲ್ಪ ಸಿಟ್ಟಿನಿಂದಲೇ.

ಅಕ್ಕೋರು ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು, ರಾಚವ್ವ ಬಂದು ಇಣುಕುವಷ್ಟು ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು.

"ನೀವು ಉಪಾಸ ಇರ್ತೀರಿ ಅಂತ ನನಗ ಹೆದರಿಕಿ ಇರಲಿಲ್ಲ ರೀ. ನಾ ಹೋದ ಮ್ಯಾಲೆ ಆ ಮನಿ ಹೊಸ್ತಿಲಾ ಯಾರೂ ತುಳಿಯೂದಿಲ್ಲ, ನೀವು ಒಬ್ಬರೇ ಗ್ವಾಡಿ ನೋಡಕೋತ ಕೂಡ್ತೀರಿ ಅಂತ ಹೆದರಿಕಿ ಇತ್ತು. ಗಿಡಾ ಒಣಗಿ ಸತ್ರ ತಿರುಗಿ ಬರ್ತೀನಿ ಅಂದಿದ್ದೆ. ಇದು ಒಣಗಿಲ್ಲ. ಇಷ್ಟು ಮಂದಿ ಕೈ ನೀರಿನ್ಯಾಗ ಮುಳಗೇದ." ಅವರು ರಾಯರ ಒದ್ದೆ ಮೊಳಕಾಲ ಮೇಲೆ ಕೈಯಿಟ್ಟರು. "ನಾ ಇಲ್ಲೇ ಇರ್ತೀನಿ."

ಆ ಒಂಟಿ ಎಲೆ ಬುಡದಲ್ಲಿ ಕೊಳೆತಿತ್ತು, ಮೇಲೆ ಗಟ್ಟಿಯಿತ್ತು. ಎಲೆಯ ತುಂಡಿನಿಂದಲೂ ಈ ಗಿಡ ಹುಟ್ಟುತ್ತದಂತೆ. ಅಕ್ಕೋರು ಗಟ್ಟಿ ಭಾಗವನ್ನು ಎರಡು ತುಂಡು ಮಾಡಿ, ಒಂದನ್ನು ತಮ್ಮ ಮೇಜಿನ ಮೇಲಿನ ಡಬ್ಬಿಯ ಒಣಮಣ್ಣಿನಲ್ಲಿ ಊರಿದರು, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ರಾಯರ ಕಿಸೆಗೆ ಹಾಕಿದರು.

ಬೈಲಹೊಂಗಲದ ಮನೆಯಲ್ಲಿ ಆ ತುಂಡು ಈಗ ನೆಲುವಿನಲ್ಲಿದೆ. ಹಿಂದೆ ಬೆಕ್ಕಿಗೆ ಸಿಗದಂತೆ ಬೆಣ್ಣೆ ಇಡುತ್ತಿದ್ದ ನೆಲುವು ಅದು, ಮಾಳಿಗೆಯ ಜಂತಿಗೆ ತೂಗುತ್ತದೆ. ಅಲ್ಲಿಗೆ ಯಾವ ತಂಬಿಗೆಯೂ ಮುಟ್ಟುವುದಿಲ್ಲ. ಬಾಕಿನ ಪಕ್ಕಕ್ಕೆ ಅಂದಾನೆಪ್ಪ ಒಂದು ಬಾಳೆಯ ಸಸಿ ತಂದಿಟ್ಟಿದ್ದಾನೆ. ಅದಕ್ಕ ಎಷ್ಟ ನೀರ ಹಾಕಿದ್ರೂ ನಡೀತೈತಿ ಅಂತಾನೆ. ಓಣಿ ಹಾಕುತ್ತಲೇ ಇದೆ.

ಮುಂದಿನ ಶನಿವಾರ ಅಕ್ಕೋರು ಬಸ್ಸಿಳಿದು ಬಂದು, ತಮ್ಮದೇ ಮನೆಯ ಬಾಕಿನ ಮೇಲೆ ಬಂದವರ ಹಾಗೆ ಕುಳಿತರು. ರಾಯರು ಒಳಗಿನಿಂದ ತಂಬಿಗೆ ತುಂಬ ನೀರು ತಂದುಕೊಟ್ಟರು. ಅಕ್ಕೋರು ಎತ್ತಿ ನಾಲ್ಕು ಗುಟುಕು ಕುಡಿದರು. ಉಳಿದದ್ದನ್ನು ಸುರಿಯಲು ಕೈ ಬಾಳೆಯ ಕಡೆ ಹೋಯಿತು, ನಡುವೆಯೇ ನಿಂತಿತು. ತಂಬಿಗೆಯನ್ನು ತಿರುಗಿ ರಾಯರ ಕೈಗೆ ಕೊಟ್ಟರು.

"ನೀವು ಕುಡೀರಿ," ಎಂದರು.

ರಾಯರು ನಿಂತಲ್ಲೇ ಒಂದು ಹನಿ ಬಿಡದೆ ಕುಡಿದು, ಸಕ್ಕರೆ ಹುಡುಕಲು ಒಳಗೆ ಹೋದರು.